ಮೊಣಕಾಲಿನ ಶಸ್ತ್ರಚಿಕಿತ್ಸೆ: ನೋವಿನ ಮಾತ್ರೆಗೂ ಲೆಕ್ಕವಿರಲಿ

ವರ್ಷಾನುಗಟ್ಟಲೆ ಗುಡ್ಡದ ತೋಟ ಹತ್ತಿಳಿದ ನಮ್ಮ ಬೆಳೆಗಾರರಿಗೆ ಮೊಣಕಾಲು ನೋವು ಹೊಸತಲ್ಲ. ಕೃತಕ ಕೀಲು ಜೋಡಿಸಿಕೊಳ್ಳುವುದೂ ಈಗ ಅಪರೂಪವಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಕೀಲಿನ ಬೆಲೆಗೆ ಮಿತಿ ಹಾಕಿತು. ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸುವ ನಾವು, ಆಮೇಲೆ ನುಂಗುವ ಮಾತ್ರೆಗಳ ಕಡೆಗೆ ಅಷ್ಟು ಗಮನ ಕೊಡುವುದಿಲ್ಲ.

ಟ್ರಮಡಾಲ್, ಟಪೆಂಟಡಾಲ್ ಮುಂತಾದವು ಅಫೀಮಿನಂತೆ ಕೆಲಸ ಮಾಡುವ ನೋವುನಿವಾರಕಗಳು. ಮೊದಲ ಕೆಲವು ದಿನ ಇವು ಬೇಕಾಗಬಹುದು. ನೋವಿಗೆ ಹೆದರಿ ಕಾಲು ಮಡಚದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಆದರೆ ವಾರಗಟ್ಟಲೆ ಮುಂದುವರಿಸಿದರೆ ದೇಹ ಒಗ್ಗಿಕೊಂಡು, ಮೊದಲಿನ ಪ್ರಮಾಣ ಸಾಲದಾಗುತ್ತದೆ. ಮಲಬದ್ಧತೆ, ವಾಕರಿಕೆ, ತಲೆಸುತ್ತು ಬರುತ್ತವೆ. ತಲೆ ಸುತ್ತಿ ಬಿದ್ದರೆ ಹೊಸ ಕೀಲಿಗೇ ಅಪಾಯ. ಮದ್ಯ ಅಥವಾ ನಿದ್ರೆಮಾತ್ರೆ ಜೊತೆಗೂಡಿದರೆ ಉಸಿರಾಟವೇ ಕುಗ್ಗಬಹುದು. 2018ರಿಂದ ಟ್ರಮಡಾಲ್ ಮಾದಕ ವಸ್ತುಗಳ ಕಾಯಿದೆಯಡಿ ಬಂದಿದೆ. ಹಳೆಯ ಚೀಟಿ ತೋರಿಸಿ ಪೇಟೆಯಿಂದ ಮತ್ತೆ ಮತ್ತೆ ತರಿಸುವುದು ಸಲ್ಲದು.

ಹಾಗೆಂದು ನೋವು ನುಂಗಿಕೊಂಡಿರಬೇಕಿಲ್ಲ. ಬೇರೆ ಉಪಾಯಗಳನ್ನು ಒಟ್ಟಿಗೆ ಬಳಸಿದರೆ ಈ ಮಾತ್ರೆ ಕಡಿಮೆ ಸಾಕು:

1. ನರಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಡುತ್ತಾರೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿರಿ.

2. ಪ್ಯಾರಾಸಿಟಮಾಲ್ ಅನ್ನು ವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳಿರಿ. ಕೆಲವು ಟ್ರಮಡಾಲ್ ಮಾತ್ರೆಗಳಲ್ಲಿ ಅದೂ ಬೆರೆತಿರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಹೆಚ್ಚಾದರೆ ಯಕೃತ್ತಿಗೆ ಹಾನಿ.

3. ಬಾವು ಇಳಿಸುವ ಮಾತ್ರೆ ಮೂತ್ರಪಿಂಡ, ಹೊಟ್ಟೆಹುಣ್ಣಿನ ತೊಂದರೆ ಇದ್ದವರಿಗೆ ಆಗದಿರಬಹುದು. ಕೇಳದೆ ನುಂಗಬೇಡಿರಿ.

4. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿರಿ. ಕಾಲು ಎತ್ತರಿಸಿ ಮಲಗಿರಿ. ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿರಿ.

ನೋವು ತಗ್ಗಿದಂತೆ ಗಟ್ಟಿ ಮಾತ್ರೆಯನ್ನು ಮೊದಲು ಇಳಿಸಬೇಕು. ದಿನಕ್ಕೆ ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಲಿ. ಬಹುಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ಬೆವರು, ಚಡಪಡಿಕೆ, ನಿದ್ರಾಹೀನತೆ ಕಾಣಬಹುದು. ಇದನ್ನು ಕೀಲಿನ ನೋವೆಂದು ತಿಳಿದು ಮತ್ತೆ ಮಾತ್ರೆಗೆ ಹೋಗುವವರುಂಟು. ನೋವು ಇಳಿಯದೆ ಏರುತ್ತಿದ್ದರೆ, ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಊದಿದರೆ ಇನ್ನೊಂದು ಮಾತ್ರೆ ನುಂಗಿ ಸುಮ್ಮನಿರಬೇಡಿರಿ. ಕೂಡಲೇ ವೈದ್ಯರಿಗೆ ತಿಳಿಸಿರಿ.

ಕೊಯ್ಲಿನ ದಿನಗಳಲ್ಲಿ ಆಳಿನ ಹಾಜರಿ, ಹಣ್ಣಿನ ತೂಕ ಬರೆದಿಡುವವರು ನಾವು. ಮನೆಯವರೊಬ್ಬರು ಮಾತ್ರೆಯ ಲೆಕ್ಕವನ್ನೂ ಹಾಗೆಯೇ ಬರೆದಿಡಲಿ: ಯಾವ ಮಾತ್ರೆ, ಎಷ್ಟು ಗಂಟೆಗೆ, ಆ ಹೊತ್ತಿಗೆ ನೋವು ಎಷ್ಟು. ಮುಂದಿನ ತಪಾಸಣೆಗೆ ಆ ಪುಸ್ತಕ ಜೊತೆಗಿರಲಿ. ಉಳಿದ ಮಾತ್ರೆಯನ್ನು ಮಕ್ಕಳ ಕೈಗೆ ಸಿಗುವಂತೆ ಇಡುವುದಾಗಲಿ, ನೆರೆಯವರ ಸೊಂಟನೋವಿಗೆ ಕೊಡುವುದಾಗಲಿ ಬೇಡ.