ವೇಗವೂ ನೆಮ್ಮದಿಯೂ

ನಾಲ್ಕು ಚಕ್ರಗಳೂ ಒಂದು ಎಂಜಿನ್ನೂ ಇದ್ದ ಮಾತ್ರಕ್ಕೆ ಕಾರುಗಳೆಲ್ಲವೂ ಒಂದೇ ಬಗೆಯವಲ್ಲ. ವಾಹನದ ರೂಪವನ್ನು ನಿರ್ಧರಿಸುವುದು ಅದರ ಉದ್ದೇಶ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡುದು. ಬಹುಕಾಲ ಅದರಲ್ಲಿ ಬಳಕೆಯಲ್ಲಿದ್ದ ನಾಲ್ಕು ಸಿಲಿಂಡರುಗಳ ಎಂಜಿನ್ನಿನ ಬಲ ಸುಮಾರು 50 ಅಶ್ವಶಕ್ತಿ ಮಾತ್ರ. ಆದರೆ ಎತ್ತರವಾದ ಛಾವಣಿ, ಅಗಲವಾದ ಆಸನ, ಗಟ್ಟಿಮುಟ್ಟಾದ ಮೈಕಟ್ಟುಗಳಿಂದ ಅದು ಹೊಂಡ ಬಿದ್ದ ರಸ್ತೆಯಲ್ಲಿಯೂ ಒಂದು ಸಂಸಾರವನ್ನು ಗಂಟುಮೂಟೆಗಳೊಡನೆ ಊರು ಮುಟ್ಟಿಸಬಲ್ಲುದಾಗಿತ್ತು.

1961ರಲ್ಲಿ ಬ್ರಿಟನ್ನಿನ ಜಾಗ್ವಾರ್ ಸಂಸ್ಥೆ ಹೊರತಂದ ಇ-ಟೈಪ್ ಕಾರಿನ ಮಾತೇ ಬೇರೆ. ಆರು ಸಿಲಿಂಡರುಗಳ 3.8 ಲೀಟರಿನ ಎಂಜಿನ್. 265 ಅಶ್ವಶಕ್ತಿಯ ಬಲ. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗ. ಗಾಳಿಯನ್ನು ಸೀಳಲು ಅದರ ಮೂತಿ ನೀಳವಾಗಿತ್ತು; ತಿರುವಿನಲ್ಲಿ ಸ್ಥಿರವಾಗಿರಲು ಮೈ ನೆಲಕ್ಕೆ ಸಮೀಪವಾಗಿತ್ತು. ಆಸನಗಳು ಎರಡೇ.

ವೇಗಕ್ಕೆ ತಕ್ಕ ತಡೆಯೂ ಬೇಕು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ; ಬ್ರೇಕು ಹಿಡಿದ ಮೇಲೆ ವಾಹನವು ಸಾಗುವ ದೂರವೂ ಸುಮಾರು ನಾಲ್ಮಡಿಯಾಗುತ್ತದೆ. ಆದುದರಿಂದಲೇ ಇ-ಟೈಪಿನ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕುಗಳನ್ನು ಅಳವಡಿಸಿದ್ದರು. ಆದರೂ ಎಂತಹ ಬ್ರೇಕೂ ಪ್ರಕೃತಿಯ ಈ ನಿಯಮವನ್ನು ಅಳಿಸಲಾರದು. ಮಕ್ಕಳು, ದನಕರುಗಳು ಅಡ್ಡಬರುವ ಬೀದಿಯಲ್ಲಿ ಅಂತಹ ವೇಗಕ್ಕೆ ಎಡೆಯಿಲ್ಲ.

ಹಾಗಾದರೆ ಇವುಗಳಲ್ಲಿ ಯಾವುದು ಮೇಲು? ಪಂದ್ಯದ ಕುದುರೆಯನ್ನು ನೇಗಿಲಿಗೆ ಹೂಡುವವರಿಲ್ಲ. ಗಾಡಿಯ ಎತ್ತನ್ನು ಕುದುರೆಪಂದ್ಯಕ್ಕೆ ಒಯ್ಯುವವರೂ ಇಲ್ಲ. ಸಾಗಬೇಕಾದ ದಾರಿಯನ್ನೂ ಜೊತೆಗಿರುವ ಜೀವಗಳನ್ನೂ ನೆನೆದು ವಾಹನವನ್ನು ಆರಿಸುವುದೇ ವಿವೇಕ.