ಲಕ್ಷಣದ ಸಂದಿಗ್ಧತೆ: ಗಣಕಜಾಲದಲ್ಲಿ ಸಂಖ್ಯೆ ಮತ್ತು ಅಕ್ಷರ

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ. ವ್ಯಾಕರಣದಲ್ಲಿ ಇಂಥ ದೋಷವು ವಾದಕ್ಕೆ ಎಡೆಮಾಡಿಕೊಟ್ಟರೆ, ಯಂತ್ರಗಳು ಪರಸ್ಪರ ಸಂದೇಶ ವಿನಿಮಯ ಮಾಡುವ ಗಣಕಜಾಲದಲ್ಲಿ ವ್ಯವಹಾರವನ್ನೇ ಕೆಡಿಸುತ್ತದೆ. ಅಲ್ಲಿ ಸಂದರ್ಭವನ್ನು ನೋಡಿ ಅರ್ಥವನ್ನು ಸರಿಪಡಿಸಿಕೊಳ್ಳುವ ಅವಕಾಶವಿಲ್ಲ.

ಭಾರತದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಮದರಾಸಿನ ಐ.ಐ.ಟಿ.ಯೂ ಪಾಲುಗೊಂಡಿತ್ತು. ಜಾಲಗಳು ಬೆಳೆದಂತೆಲ್ಲ ದೂರದ ಯಂತ್ರಗಳ ಸ್ಥಿತಿಗತಿಯನ್ನು ವಿಚಾರಿಸಲು ಸಮಾನ ನಿಯಮಾವಳಿಯೊಂದು ಅಗತ್ಯವಾಗುತ್ತದೆ. ಎಸ್‌ಎನ್‌ಎಂಪಿ ಎಂಬುದು ಅಂಥ ನಿಯಮಾವಳಿ. ಅದಕ್ಕಾಗಿ 1990ರಲ್ಲಿ ಪ್ರಕಟವಾದ ದತ್ತಾಂಶ ಲಕ್ಷಣದಲ್ಲಿ ಪೂರ್ಣಾಂಕಕ್ಕೆ ಮಿತಿಯನ್ನು ಹೇಳಿರಲಿಲ್ಲ. ಒಂದು ಯಂತ್ರ ಬಹು ದೊಡ್ಡ ಸಂಖ್ಯೆಯನ್ನು ಕಳುಹಿಸಿ, ಇನ್ನೊಂದು ಅದಕ್ಕೆ 32 ಬಿಟ್‌ಗಳಷ್ಟೇ ಸ್ಥಳವನ್ನು ಮೀಸಲಿಟ್ಟಿದ್ದರೆ, ಎರಡೂ ನಿಯಮವನ್ನು ಮೀರದಿದ್ದರೂ ವರದಿ ತಪ್ಪಾಗುತ್ತದೆ. 1993ರ ಪರಿಷ್ಕರಣವು −2147483648ರಿಂದ 2147483647ರವರೆಗೆ ಎಂದು ಮಿತಿಯನ್ನು ಗೊತ್ತುಪಡಿಸಿ ಈ ಸಂದೇಹವನ್ನು ನಿವಾರಿಸಿತು.

ಸಂಖ್ಯೆಗಿಂತಲೂ ಸೂಕ್ಷ್ಮವಾದುದು ಅಕ್ಷರದ ಪ್ರಶ್ನೆ. 'ಚೆನ್ನೈ' ಎಂಬ ಪದ ಎಷ್ಟು ಉದ್ದ? ಕನ್ನಡ ಛಂದಸ್ಸಿನಲ್ಲಿ ಅದು ಎರಡು ಅಕ್ಷರ, ನಾಲ್ಕು ಮಾತ್ರೆ. ಚೆ, ನ್, ನೈ ಎಂದು ಎಣಿಸುವ ತಮಿಳರಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತ. ಯುಟಿಎಫ್-8 ರೂಪದಲ್ಲಿ 18 ಬೈಟು. ಹಾಗಾದರೆ 'ಉದ್ದ 32' ಎಂದಷ್ಟೇ ವಿಧಿಸಿದರೆ ಅರ್ಥವೇನು?

1991ರ ಪಠ್ಯ ಲಕ್ಷಣವು ಆಸ್ಕಿ ಸಂಕೇತಗಳಿಗೆ ಸೀಮಿತವಾಗಿದ್ದುದರಿಂದ ಅಲ್ಲಿ ಒಂದು ಅಕ್ಷರವೆಂದರೆ ಒಂದು ಬೈಟು. ಈ ಪ್ರಶ್ನೆಯೇ ಏಳಲಿಲ್ಲ, ಕನ್ನಡಕ್ಕೆ ಎಡೆಯೂ ಇರಲಿಲ್ಲ. 1998ರಲ್ಲಿ ಯುಟಿಎಫ್-8ಕ್ಕೆ ಅವಕಾಶವಿತ್ತ ಹೊಸ ಲಕ್ಷಣವು, ಉದ್ದದ ಮಿತಿಯನ್ನು ಬೈಟುಗಳಲ್ಲಿಯೇ ಎಣಿಸಬೇಕೆಂದು ಸ್ಪಷ್ಟಪಡಿಸಿತು. ಈ ಮಾತನ್ನು ಗಮನಿಸದ ತಂತ್ರಾಂಶದಿಂದಾಗುವ ಹಾನಿಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಎಸ್‌ಎನ್‌ಎಂಪಿಯ ಮೂರನೆಯ ಆವೃತ್ತಿಯಲ್ಲಿ ಬಳಕೆದಾರನ ಹೆಸರಿಗೆ 32 ಬೈಟುಗಳ ಮಿತಿಯಿದೆ. 'ವಿಶ್ವವಿದ್ಯಾನಿಲಯ' ಎಂಬುದು ಏಳೇ ಅಕ್ಷರವಾದರೂ 45 ಬೈಟುಗಳನ್ನು ಬೇಡುತ್ತದೆ. ಅದನ್ನು 32ಕ್ಕೆ ಕತ್ತರಿಸಿದರೆ 'ವಿಶ್ವವಿದ್ಯ' ಎಂಬಷ್ಟು ಉಳಿದು, ದೀರ್ಘದ ಸಂಕೇತದ ಮೂರು ಬೈಟುಗಳಲ್ಲಿ ಎರಡು ಮಾತ್ರ ಅರ್ಥಹೀನವಾಗಿ ಕೊನೆಗೆ ಅಂಟಿಕೊಳ್ಳುತ್ತವೆ. ಅಂಥ ಹೆಸರನ್ನು ಪಡೆದ ಯಂತ್ರ ಬಳಕೆದಾರನನ್ನು ಗುರುತಿಸಲಾರದು.

ಬೈಟು ಯಂತ್ರದ ಮಾನ. ಅಕ್ಷರ ಭಾಷೆಯ ಮಾನ. ಇವೆರಡೂ ಒಂದೇ ಎಂಬ ಭ್ರಮೆ ಇಂಗ್ಲಿಷಿನಲ್ಲಿ ಬಹುಕಾಲ ನಡೆದೀತು, ಕನ್ನಡದಲ್ಲಿ ಮೊದಲ ಪದಕ್ಕೇ ಒಡೆಯುತ್ತದೆ. ಆದುದರಿಂದ ಲಕ್ಷಣವನ್ನು ರಚಿಸುವ ಕಾರ್ಯ ತಂತ್ರಜ್ಞರೊಬ್ಬರಿಗೇ ಸೇರಿದುದಲ್ಲ. ಅಕ್ಷರವೆಂದರೇನು ಎಂಬ ಕೇಶಿರಾಜನ ಕಾಲದ ವಿಚಾರ ಇಂದಿನ ಜಾಲಕ್ಕೂ ಪ್ರಸ್ತುತ. ಅದನ್ನು ಬಲ್ಲ ವೈಯಾಕರಣರಿಗೆ ಅಲ್ಲಿ ಮಾಡಬೇಕಾದ ಕೆಲಸವಿದೆ.