ಹಳೇ ಬ್ಲಾಕಿನ ಬೆಲೆ

2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಹರಾಜಿನಲ್ಲಿ ಒಂದು ಫೆರಾರಿ 250 ಜಿಟಿಒ 4 ಕೋಟಿ 84 ಲಕ್ಷ ಡಾಲರ್‌ಗೆ ಹೋಯಿತು. 1962ರಿಂದ 1964ರ ನಡುವೆ ತಯಾರಾದ ಜಿಟಿಒಗಳೇ 36. ಸೋಜಿಗವೆಂದರೆ, ಆ ಕಾರಿನ ಬಾಡಿ ಹುಟ್ಟಿದಾಗಿನದಲ್ಲ. 1964ರಲ್ಲಿ ಸ್ಕಾಲಿಯೆಟ್ಟಿ ಕಾರ್ಯಾಗಾರ ಅದಕ್ಕೆ ಹೊಸ ವಿನ್ಯಾಸದ ಬಾಡಿ ತೊಡಿಸಿತ್ತು. ಆದರೂ ಅದು ಅಪ್ಪಟ ಕಾರೇ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರೂ ಮೊದಲಿನವು; ಬಾಡಿ ಬದಲಾದದ್ದೂ ರೇಸಿನ ದಿನಗಳಲ್ಲೇ, ಮೂಲ ಕುಶಲಕರ್ಮಿಗಳ ಕೈಯಲ್ಲೇ.

ಹಳೆಯ ಇಟಾಲಿಯನ್ ಕಾರು ಕೊಳ್ಳುವವರು ಮೊದಲು ಬಗ್ಗಿ ನೋಡುವುದು ಇಂಜಿನ್ ನಂಬರನ್ನು. ಕಾರ್ಖಾನೆಯ ಕಡತಕ್ಕೆ ಅದು ತಾಳೆಯಾದರೆ ಬೆಲೆ ಏರುತ್ತದೆ. ಈ ತಾಳೆ ನೋಡಿ ಪ್ರಮಾಣಪತ್ರ ಕೊಡಲೆಂದೇ ಫೆರಾರಿ 2006ರಲ್ಲಿ ‘ಕ್ಲಾಸಿಕೆ’ ವಿಭಾಗ ತೆರೆಯಿತು. ಲ್ಯಾಂಬೊರ್ಗಿನಿಯ ‘ಪೋಲೊ ಸ್ಟೋರಿಕೊ’ ಬಂದದ್ದು 2015ರಲ್ಲಿ. ಹಳೆಯ ನಕ್ಷೆಗಳನ್ನಿಟ್ಟುಕೊಂಡು ಹೊಸ ಇಂಜಿನ್ ಬ್ಲಾಕನ್ನೇ ಎರಕ ಹೊಯ್ಯುವ ಶಕ್ತಿ ಕ್ಲಾಸಿಕೆಗಿದೆ. ಇಂಜಿನ್ ಕಳೆದುಹೋದ ಕಾರಿಗೆ ಅದು ಮರುಜೀವ. ಆದರೆ ಹಳೆಯ ಬ್ಲಾಕ್ ಕೈಯಲ್ಲಿದ್ದೂ ಹೊಸದಕ್ಕೆ ಹೋಗುವುದು ನಷ್ಟವೇ.

ಏಕೆಂದರೆ ಆ ಬ್ಲಾಕನ್ನು ಉಳಿಸಬಹುದು. ಫೆರಾರಿಗಾಗಿ ಜೊವಾಕಿನೊ ಕೊಲಂಬೊ ರೂಪಿಸಿದ ವಿ12 ಇಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಒಳಗಿನ ಲೈನರ್‌ಗಳು ಎರಕದ ಕಬ್ಬಿಣದವು. 250 ಮಾದರಿಯಲ್ಲಿ ಅದರ ಗಾತ್ರ 2953 ಸಿಸಿ. ವರ್ಷಗಟ್ಟಲೆ ಕೂಲಂಟ್ ಬದಲಿಸದೆ ನಿಲ್ಲಿಸಿದರೆ ನೀರು ಹರಿಯುವ ದಾರಿಯಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ, ಗುಳಿ ಬೀಳುತ್ತದೆ. ಇಂಜಿನ್ ಇಳಿಸಿ, ಬಿಚ್ಚಿ, ಜಿಡ್ಡು ತೊಳೆದ ಮೇಲೆ ಮೆಕ್ಯಾನಿಕ್‌ಗಳು ಬ್ಲಾಕಿಗೆ ಹೊಳೆಯುವ ಬಣ್ಣದ ದ್ರಾವಣ ಬಳಿದು ಒರೆಸುತ್ತಾರೆ. ಬಿರುಕಿದ್ದಲ್ಲಿ ಬಣ್ಣ ಒಳಗೇ ಉಳಿಯುತ್ತದೆ. ನೇರಳಾತೀತ ದೀಪ ಹಿಡಿದರೆ ಕೂದಲೆಳೆಯಷ್ಟು ತೆಳ್ಳಗಿನ ಹಸಿರು ಗೆರೆ ಕಾಣುತ್ತದೆ. ಬ್ಲಾಕನ್ನು ಮೊದಲೇ ಬಿಸಿ ಮಾಡಿ, ಬಿರುಕಿಗೆ ವೆಲ್ಡಿಂಗ್ ಹಾಕಿ, ನಿಧಾನವಾಗಿ ಆರಲು ಬಿಡಬೇಕು. ಅವಸರಪಟ್ಟರೆ ಪಕ್ಕದಲ್ಲೇ ಇನ್ನೊಂದು ಬಿರುಕು! ಆಮೇಲೆ ಹೆಡ್ ಕೂರುವ ಮೇಲ್ಮೈಯನ್ನು ಸಮ ಮಾಡುವಾಗ ಎಷ್ಟು ಕಡಿಮೆ ಲೋಹ ತೆಗೆದರೆ ಅಷ್ಟು ಒಳ್ಳೆಯದು.

ಮುಟ್ಟದೇ ಬಿಟ್ಟ ಕಾರಿಗೂ ಈಗ ಮರ್ಯಾದೆಯಿದೆ. ಜಪಾನಿನಲ್ಲಿ ಸುಮಾರು 40 ವರ್ಷ ಮರೆಯಲ್ಲಿದ್ದ ಅಲ್ಯೂಮಿನಿಯಂ ಬಾಡಿಯ ಫೆರಾರಿ ಡೇಟೋನಾ 2017ರಲ್ಲಿ ಮರನೆಲ್ಲೊದ ಹರಾಜಿಗೆ ಮೈತುಂಬ ಧೂಳಿನೊಂದಿಗೇ ಬಂತು. 18 ಲಕ್ಷ ಯೂರೊಗೂ ಹೆಚ್ಚಿಗೆ ಬಿಕರಿಯಾಯಿತು.

ಲ್ಯಾಂಬೊರ್ಗಿನಿ ಮಿಯುರಾದ್ದು ಬೇರೆಯೇ ಇಕ್ಕಟ್ಟು. 1966ರಲ್ಲಿ ಹೊರಬಂದ ಈ ಕಾರಿನಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಗೇರ್ ಸವೆದ ಪುಡಿ ಇಂಜಿನ್ನಿಗೂ ಹೋಗುವ ಅಪಾಯವಿತ್ತು. ಕೊನೆಕೊನೆಯ ಎಸ್‌ವಿ ಮಾದರಿಯ ಮಿಯುರಾಗಳಲ್ಲಷ್ಟೇ ಎರಡನ್ನೂ ಬೇರ್ಪಡಿಸಿದರು. ಕೆಲವು ಮಾಲೀಕರು ಹಳೆಯ ಮಿಯುರಾಗಳಿಗೂ ಇದೇ ಬದಲಾವಣೆ ಮಾಡಿಸುತ್ತಾರೆ. ಇಂಜಿನ್ ಬಾಳಿಕೆಗೆ ಒಳ್ಳೆಯದೇ, ಆದರೆ ಕಾರ್ಖಾನೆ ಕಟ್ಟಿದ್ದು ಹಾಗಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇಂಥಲ್ಲಿ ನೆರವಿಗೆ ಬರುತ್ತದೆ: ಮಾಡುವ ಬದಲಾವಣೆ ಕನಿಷ್ಠವಿರಲಿ, ದಾಖಲಾಗಲಿ, ಹಿಂದಕ್ಕೆ ತಿರುಗಿಸುವಂತಿರಲಿ ಎಂಬುದು ಅದರ ನಿಲುವು. ಹೆಚ್ಚು ಓಡದ ಮಿಯುರಾಗೆ ಆಗಾಗ ಆಯಿಲ್ ಬದಲಿಸಿ, ಫಿಲ್ಟರಿನಲ್ಲಿ ಲೋಹದ ಪುಡಿ ಸಿಗುತ್ತಿದೆಯೇ ಎಂದು ನೋಡುತ್ತಿದ್ದರೆ ಸಾಕು, ಇಂಜಿನ್ ಕೊಯ್ಯುವ ಅಗತ್ಯವೇ ಬೀಳದು.